ಸೊಫಿಯಾ ಜೆಕ್ಸ್-ಬ್ಲೇಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರು ಈ ಸೊಫಿಯಾ ಜೆಕ್ಸ್-ಬ್ಲೇಕ್?

ಬ್ರಿಟನ್ನಿನಲ್ಲಿ ಹೆಣ್ಣುಮಕ್ಕಳು ಡಾಕ್ಟರಾಗಲು ಕಾನೂನಿನ ದಾರಿ ತೆರೆಸಿದವರಲ್ಲಿ ಮುಖ್ಯರು. 1840ರ ಜನವರಿ 21ರಂದು ಹೇಸ್ಟಿಂಗ್ಸ್‌ನಲ್ಲಿ ಹುಟ್ಟಿದರು, 1912ರ ಜನವರಿ 7ರಂದು ಸಸೆಕ್ಸ್‌ನಲ್ಲಿ ತೀರಿಕೊಂಡರು. ಎರಡು ವೈದ್ಯಕೀಯ ಶಾಲೆಗಳು ಹುಟ್ಟಲು ಕಾರಣರಾದರು, ಒಂದು ಲಂಡನ್ನಿನಲ್ಲಿ, ಇನ್ನೊಂದು ಎಡಿನ್‌ಬರೋದಲ್ಲಿ. ಸ್ಕಾಟ್ಲೆಂಡಿನಲ್ಲಿ ಬೋರ್ಡು ಹಾಕಿಕೊಂಡು ಕೂತ ಮೊದಲ ಮಹಿಳಾ ವೈದ್ಯೆಯೂ ಅವರೇ.

ಅವರ ಕತೆಯನ್ನು ಸಾಮಾನ್ಯವಾಗಿ ಧೈರ್ಯದ ಕತೆಯಾಗಿ ಹೇಳುತ್ತಾರೆ. ಧೈರ್ಯ ಇತ್ತು, ಸಿಟ್ಟು ಅದಕ್ಕಿಂತ ಜಾಸ್ತಿ ಇತ್ತು. ಆದರೆ ಕೆಲಸಕ್ಕೆ ಬಂದದ್ದು ಬೇರೆ ಗುಣ: ನಿಯಮಾವಳಿಯನ್ನು ಕೂತು ಓದುವ ಅಭ್ಯಾಸ. ಬಾಗಿಲು ಮುಚ್ಚಿದೆ ಎಂದು ಎಲ್ಲರೂ ಹೇಳುತ್ತಿದ್ದಾಗ, ಬೀಗ ಯಾವ ಕಲಮಿನಲ್ಲಿದೆ ಎಂದು ಇವರು ಹುಡುಕುತ್ತಿದ್ದರು.

ಬ್ರಿಟನ್ನಿನ ಮೊದಲ ಮಹಿಳಾ ಡಾಕ್ಟರ್ ಇವರೇ ಅಲ್ಲವೇ?

ಅಲ್ಲ. ಬ್ರಿಟನ್ನಿನ ವೈದ್ಯರ ನೋಂದಣಿ ಪುಸ್ತಕಕ್ಕೆ ಮೊದಲು ಹೆಸರು ಸೇರಿಸಿದ ಮಹಿಳೆ ಎಲಿಜಬೆತ್ ಬ್ಲ್ಯಾಕ್‌ವೆಲ್, 1859ರಲ್ಲಿ. ಎರಡನೆಯವರು ಎಲಿಜಬೆತ್ ಗ್ಯಾರೆಟ್, 1865ರಲ್ಲಿ ಅಪಾತಿಕರಿ ಸೊಸೈಟಿಯ, ಅಂದರೆ ಔಷಧಿ ತಯಾರಿಸಿ ಕೊಡುವವರ ಸಂಘದ, ಲೈಸೆನ್ಸ್ ಪಡೆದು ಬಂದವರು. ಸೊಫಿಯಾ ಹೆಸರು ಸೇರಿದ್ದು 1877ರಲ್ಲಿ.

ಆ ಇಬ್ಬರು ಹೋದ ದಾರಿಯಲ್ಲೇ ಇವರೂ ಹೋಗಬಹುದಿತ್ತಲ್ಲ?

ಇಲ್ಲ. ಅವರಿಬ್ಬರೂ ದಾಟಿದ ಮೇಲೆ ಆ ಎರಡೂ ದಾರಿಗಳು ಮುಚ್ಚಿದ್ದವು. ಇದು ಅರ್ಥವಾಗದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸಬೇಕು.

1858ರಲ್ಲಿ ಬ್ರಿಟಿಷ್ ಸಂಸತ್ತು ಒಂದು ವೈದ್ಯಕೀಯ ಕಾಯ್ದೆ ತಂದಿತು. ಅರ್ಹ ವೈದ್ಯರದೆಲ್ಲ ಒಂದೇ ಪಟ್ಟಿ ಇರಬೇಕು ಎಂಬುದು ಉದ್ದೇಶ. ಪಟ್ಟಿಗೆ ಸೇರಬೇಕಾದರೆ ಕಾಯ್ದೆಯ ಅನುಬಂಧದಲ್ಲಿ ಹೆಸರಿಸಿದ ಸಂಸ್ಥೆಯೊಂದರ ಪದವಿ ಅಥವಾ ಲೈಸೆನ್ಸ್ ಬೇಕು. ವಿಶ್ವವಿದ್ಯಾಲಯಗಳು, ರಾಯಲ್ ಕಾಲೇಜುಗಳು, ಅಪಾತಿಕರಿ ಸೊಸೈಟಿ ಎಲ್ಲ ಸೇರಿ ಅಂಥವು 19. ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ ಎಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಬರೆಯುವ ಅಗತ್ಯವೇ ಇರಲಿಲ್ಲ, 19 ಸಂಸ್ಥೆಗಳೂ ಅವರನ್ನು ಪರೀಕ್ಷೆಗೆ ಕೂರಿಸುತ್ತಿರಲಿಲ್ಲ.

ಬ್ಲ್ಯಾಕ್‌ವೆಲ್ ಅವರದು ಅಮೆರಿಕದ ಪದವಿ. ಕಾಯ್ದೆ ಜಾರಿಗೆ ಬರುವ ಮೊದಲೇ ಬ್ರಿಟನ್ನಿನಲ್ಲಿ ವೃತ್ತಿ ಮಾಡಿದ್ದ ವಿದೇಶಿ ಪದವೀಧರರಿಗೆ ಕಾಯ್ದೆಯಲ್ಲೇ ಒಂದು ರಿಯಾಯಿತಿ ಇತ್ತು, ಅದರಲ್ಲಿ ಅವರು ಸೇರಿಕೊಂಡರು. ಆಮೇಲೆ ವಿದೇಶಿ ಪದವಿಗೆ ಬೆಲೆಯಿಲ್ಲ. ಗ್ಯಾರೆಟ್ ಹಿಡಿದದ್ದು ಅಪಾತಿಕರಿ ಸೊಸೈಟಿಯನ್ನು. ಅದರ ಸನ್ನದಿನಲ್ಲಿ ಅಭ್ಯರ್ಥಿಯನ್ನು 'ವ್ಯಕ್ತಿ' ಎಂದಷ್ಟೇ ಕರೆದಿದ್ದರಿಂದ ಬೇಡ ಅನ್ನಲು ಆಗಲಿಲ್ಲ. ಕಾಲೇಜುಗಳು ಸೇರಿಸಿಕೊಳ್ಳದ ಕಾರಣ ಅವರು ಪ್ರಾಧ್ಯಾಪಕರಿಗೆ ಪ್ರತ್ಯೇಕ ಫೀಸು ಕೊಟ್ಟು ಖಾಸಗಿಯಾಗಿ ಪಾಠ ಹೇಳಿಸಿಕೊಂಡು, ಆ ಪ್ರಮಾಣಪತ್ರಗಳನ್ನು ತೋರಿಸಿದರು. ಅವರು ಪಾಸಾದ ಮೇಲೆ ಸೊಸೈಟಿ ನಿಯಮ ತಿದ್ದಿತು: ಖಾಸಗಿ ಪಾಠದ ಪ್ರಮಾಣಪತ್ರ ಇನ್ನು ಮುಂದೆ ನಡೆಯದು.

ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡಿದರೆ ಏನಾಗುತ್ತಿತ್ತು?

ಔಷಧಿ ಕೊಟ್ಟರೆ ಜೈಲಿಗೇನೂ ಹಾಕುತ್ತಿರಲಿಲ್ಲ. ಆದರೆ ಫೀಸು ಬಾಕಿ ಉಳಿದರೆ ಕೋರ್ಟಿಗೆ ಹೋಗಿ ವಸೂಲು ಮಾಡುವಂತಿಲ್ಲ, ಕಾನೂನಿಗೆ ಬೇಕಾದ ಪ್ರಮಾಣಪತ್ರಕ್ಕೆ ಸಹಿ ಹಾಕಿದರೆ ಅದಕ್ಕೆ ಬೆಲೆಯಿಲ್ಲ, ಸರ್ಕಾರಿ ಆಸ್ಪತ್ರೆಯ ಹುದ್ದೆ ಸಿಗುವುದಿಲ್ಲ. ನಮ್ಮಲ್ಲಿ ಇವತ್ತಿಗೂ ಎಂಬಿಬಿಎಸ್ ಮುಗಿಸಿದರೆ ಸಾಲದು, ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಆಗಬೇಕು. ವಿದೇಶದಲ್ಲಿ ಓದಿ ಬಂದವರು ಅದಕ್ಕೆ ಮೊದಲು ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆ ಪಾಸು ಮಾಡಬೇಕು. ಪದವಿ ಬೇರೆ, ನೋಂದಣಿ ಬೇರೆ ಎಂಬ ಈ ವ್ಯತ್ಯಾಸ ತಲೆಯಲ್ಲಿದ್ದರೆ ಸೊಫಿಯಾ ಎಂಟು ವರ್ಷ ಯಾವುದರ ಹಿಂದೆ ಅಲೆದರು ಎಂಬುದು ಗೊತ್ತಾಗುತ್ತದೆ.

ವೈದ್ಯಕೀಯದ ಕಡೆ ಹೇಗೆ ಬಂದರು?

ನೇರವಾಗಿ ಬಂದವರಲ್ಲ. ಹದಿನೆಂಟರ ವಯಸ್ಸಿನಲ್ಲಿ ಲಂಡನ್ನಿನ ಕ್ವೀನ್ಸ್ ಕಾಲೇಜು ಸೇರಿದರು, ಓದುತ್ತಿರುವಾಗಲೇ ಅಲ್ಲಿ ಗಣಿತ ಕಲಿಸತೊಡಗಿದರು. ಸಂಬಳ ತೆಗೆದುಕೊಳ್ಳಲು ಅಪ್ಪ ಬಿಡಲಿಲ್ಲ. ಅನುಕೂಲಸ್ಥ ಮನೆತನದ ಮಗಳು ದುಡಿದು ಹಣ ಪಡೆಯುವುದು ಮರ್ಯಾದೆಯಲ್ಲ ಎಂಬುದು ಅವರ ಎಣಿಕೆ. 1865ರಲ್ಲಿ ಹೆಣ್ಣುಮಕ್ಕಳ ಶಿಕ್ಷಣ ಹೇಗಿದೆ ನೋಡಲೆಂದು ಅಮೆರಿಕಕ್ಕೆ ಹೋದರು. ಬಾಸ್ಟನ್ನಿನ ಮಹಿಳೆಯರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಡಾ. ಲೂಸಿ ಸ್ಯೂವೆಲ್ ಜತೆ ಕೆಲಸ ಮಾಡುತ್ತ, ಮೇಷ್ಟರಾಗುವುದನ್ನು ಬಿಟ್ಟು ಡಾಕ್ಟರಾಗಬೇಕೆಂದು ತೀರ್ಮಾನಿಸಿದರು. ಹಾರ್ವರ್ಡ್‌ಗೆ ಅರ್ಜಿ ಹಾಕಿದರು. ಈ ವಿಶ್ವವಿದ್ಯಾಲಯದ ಯಾವ ವಿಭಾಗದಲ್ಲೂ ಹೆಂಗಸರಿಗೆ ಏರ್ಪಾಡಿಲ್ಲ ಎಂಬ ಉತ್ತರ ಬಂತು. 1868ರಲ್ಲಿ ನ್ಯೂಯಾರ್ಕಿನಲ್ಲಿ ಬ್ಲ್ಯಾಕ್‌ವೆಲ್ ತೆರೆದ ಕಾಲೇಜಿಗೆ ಸೇರುವ ಹೊತ್ತಿಗೆ ಅಪ್ಪ ತೀರಿಕೊಂಡರು. ಅಮ್ಮನ ಬಳಿ ಇರಲೆಂದು ಊರಿಗೆ ಮರಳಿದರು.

ಎಡಿನ್‌ಬರೋವನ್ನೇ ಯಾಕೆ ಆರಿಸಿಕೊಂಡರು?

ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳು ಹೆಚ್ಚು ಉದಾರ ಎಂಬ ಹೆಸರಿತ್ತು. ಪತ್ರಿಕೆಯ ಬಲವೂ ಇತ್ತು. 'ದಿ ಸ್ಕಾಟ್ಸ್‌ಮನ್' ಸಂಪಾದಕ ಅಲೆಕ್ಸಾಂಡರ್ ರಸೆಲ್, ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕ ಡೇವಿಡ್ ಮ್ಯಾಸನ್ ಇವರ ಪರ ನಿಂತರು. ಎದುರು ನಿಂತವರಲ್ಲಿ ದೊಡ್ಡವರು ವೈದ್ಯಕೀಯ ಪ್ರಾಧ್ಯಾಪಕ ಸರ್ ರಾಬರ್ಟ್ ಕ್ರಿಸ್ಟಿಸನ್. ಅಡಚಣೆಯೆಂದರೆ ತೀರ್ಮಾನವಾಗುವ ಮೇಜು ಯಾವುದೇ ಇರಲಿ, ಕ್ರಿಸ್ಟಿಸನ್ ಅಲ್ಲಿ ಕೂತಿರುತ್ತಿದ್ದರು.

ಪ್ರವೇಶಕ್ಕೆ ಎಷ್ಟು ಮೆಟ್ಟಿಲು ಹತ್ತಬೇಕಿತ್ತು?

ಮೊದಲು ವೈದ್ಯಕೀಯ ಫ್ಯಾಕಲ್ಟಿ. ಆಮೇಲೆ ಸೆನೆಟಸ್, ಅಂದರೆ ಪ್ರೊಫೆಸರುಗಳ ಸಭೆ. ಅದರ ಮೇಲೆ ಯೂನಿವರ್ಸಿಟಿ ಕೋರ್ಟ್. ಹೆಸರು ಕೇಳಿ ನ್ಯಾಯಾಲಯ ಅಂದುಕೊಳ್ಳಬೇಡಿ, ಅದು ನಮ್ಮ ವಿಶ್ವವಿದ್ಯಾಲಯಗಳ ಸಿಂಡಿಕೇಟಿನಂಥದು. ಇದಲ್ಲದೆ ಪದವೀಧರರ ಜನರಲ್ ಕೌನ್ಸಿಲ್, ಕೊನೆಯಲ್ಲಿ ಕುಲಾಧಿಪತಿಯ ಮಂಜೂರಾತಿ.

1869ರ ಮಾರ್ಚ್‌ನಲ್ಲಿ ಸೊಫಿಯಾ ಒಬ್ಬರೇ ಅರ್ಜಿ ಹಾಕಿದರು. ಫ್ಯಾಕಲ್ಟಿ, ಸೆನೆಟಸ್ ಎರಡೂ ಒಪ್ಪಿದವು. ಯೂನಿವರ್ಸಿಟಿ ಕೋರ್ಟ್ ತಿರಸ್ಕರಿಸಿತು. ಒಬ್ಬ ಮಹಿಳೆಗಾಗಿ ಪ್ರತ್ಯೇಕ ಏರ್ಪಾಡು ಮಾಡಲಾಗದು ಎಂಬುದು ಕಾರಣ.

ಹಾಗೆ ಉತ್ತರ ಬಂದರೆ ಬಹಳ ಜನ ಸುಮ್ಮನಾಗುತ್ತಾರೆ. ಸೊಫಿಯಾಗೆ ಅದರಲ್ಲಿ ಷರತ್ತು ಕಂಡಿತು: ತೊಂದರೆ ಇರುವುದು 'ಒಬ್ಬ' ಎಂಬಲ್ಲಿ ತಾನೇ? ಪತ್ರಿಕೆಯ ಮೂಲಕ ಜತೆಗಾರ್ತಿಯರನ್ನು ಹುಡುಕಿ, ಐವರಾಗಿ ಮತ್ತೆ ಅರ್ಜಿ ಹಾಕಿದರು. ಆ ಅಕ್ಟೋಬರಿನ ಪ್ರವೇಶ ಪರೀಕ್ಷೆಗೆ ಕೂತವರು 152 ಮಂದಿ. ಮೊದಲ ಏಳು ಸ್ಥಾನಗಳಲ್ಲಿ ನಾಲ್ಕು ಈ ಐವರಿಗೆ ಬಂದವು. ನವೆಂಬರಿನಲ್ಲಿ ಎಲ್ಲ ಮಂಜೂರಾತಿ ಮುಗಿದು ಅವರು ಅಧಿಕೃತ ವಿದ್ಯಾರ್ಥಿಗಳಾದರು.

'ಎಡಿನ್‌ಬರೋದ ಏಳು ಮಂದಿ' ಯಾರು ಯಾರು?

ಸೊಫಿಯಾ ಜೆಕ್ಸ್-ಬ್ಲೇಕ್, ಎಡಿತ್ ಪೀಚಿ, ಇಸಬೆಲ್ ಥಾರ್ನ್, ಮಟಿಲ್ಡಾ ಚಾಪ್ಲಿನ್, ಹೆಲೆನ್ ಇವಾನ್ಸ್, ಮೇರಿ ಆಂಡರ್ಸನ್, ಎಮಿಲಿ ಬೋವೆಲ್. ಮೊದಲ ಐವರು ಆರಂಭದಲ್ಲೇ ಸೇರಿದವರು, ಉಳಿದಿಬ್ಬರು ಸ್ವಲ್ಪ ತಡವಾಗಿ ಬಂದವರು.

1869ರ ನಿಯಮದಲ್ಲಿ ಏನು ಬರೆದಿತ್ತು? ಅಷ್ಟು ಒಳ್ಳೆಯ ನಿಯಮ ಇದ್ದೂ ಎಡವಿದ್ದೆಲ್ಲಿ?

ನಿಯಮದ ಸಾರ ಹೀಗೆ. ಹೆಂಗಸರಿಗೆ ವೈದ್ಯಕೀಯ ಓದಲು ಪ್ರವೇಶ ಕೊಡತಕ್ಕದ್ದು. ಪಾಠ ಅವರಿಗೆ ಮಾತ್ರ ಮೀಸಲಾದ ಪ್ರತ್ಯೇಕ ತರಗತಿಯಲ್ಲಿ ನಡೆಯತಕ್ಕದ್ದು. ಅಂಥ ತರಗತಿ ನಡೆಸಲು ಪ್ರಾಧ್ಯಾಪಕರಿಗೆ ಅನುಮತಿ ಇದೆ. ಫೀಸು ತರಗತಿಯೊಂದಕ್ಕೆ ನಾಲ್ಕು ಗಿನಿ (ಗಿನಿ ಅಂದರೆ ಒಂದು ಪೌಂಡಿಗೆ ತುಸು ಮೇಲೆ), ಜನ ಸಾಲದಿದ್ದರೆ ಪ್ರಾಧ್ಯಾಪಕರು ಹೆಚ್ಚು ಕೇಳಬಹುದು.

ಮೂರನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಪ್ರಾಧ್ಯಾಪಕರಿಗೆ 'ಅನುಮತಿ ಇದೆ', 'ಕಡ್ಡಾಯ' ಅಲ್ಲ. ಬೇರೆ ತರಗತಿಯಲ್ಲೇ ಓದಬೇಕು ಎಂಬುದು ವಿದ್ಯಾರ್ಥಿನಿಯರಿಗೆ ಕಡ್ಡಾಯ, ಆ ತರಗತಿ ನಡೆಸುವುದು ಮೇಷ್ಟರ ಇಷ್ಟ. ಊಟಕ್ಕೆ ಕರೆದು ಬಡಿಸುವುದನ್ನು ಅಡುಗೆಯವರ ಮರ್ಜಿಗೆ ಬಿಟ್ಟ ಹಾಗೆ.

ದುಡ್ಡಿನ ತೊಡಕೂ ಇದರಲ್ಲೇ ಇದೆ. ಪ್ರಾಧ್ಯಾಪಕರ ಆದಾಯದಲ್ಲಿ ದೊಡ್ಡ ಪಾಲು ವಿದ್ಯಾರ್ಥಿಗಳ ಫೀಸು. ನೂರು ಹುಡುಗರ ತರಗತಿಯಿಂದ 400 ಗಿನಿ ಬಂದರೆ, ಅದೇ ಪಾಠವನ್ನು ಮತ್ತೊಮ್ಮೆ ಐವರಿಗೆ ಹೇಳಿದಾಗ 20 ಗಿನಿ. ವಿರೋಧ ಇಲ್ಲದ ಮೇಷ್ಟರಿಗೂ ಹಿಂಜರಿಯಲು ಇಷ್ಟು ಸಾಕು.

ವಿಶ್ವವಿದ್ಯಾಲಯದ ಹೊರಗೆ, ನಗರದ ಮಾನ್ಯತೆ ಪಡೆದ ಉಪನ್ಯಾಸಕರ ಬಳಿ ಓದಿ ಪ್ರಮಾಣಪತ್ರ ತರಬಹುದಿತ್ತು. ಹಾಗೆ ಒಪ್ಪುವುದು ನಾಲ್ಕು ವಿಷಯಗಳಿಗೆ ಮಾತ್ರ. ಮಿಕ್ಕವನ್ನು ಒಳಗಿನ ಪ್ರಾಧ್ಯಾಪಕರೇ ಕಲಿಸಬೇಕು, ಅವರು ಒಲ್ಲೆ ಎಂದರೆ ಕೋರ್ಸು ಅಲ್ಲಿಗೇ ನಿಂತಿತು. ನಿಂತದ್ದೂ ಹಾಗೆಯೇ.

ಹೋಪ್ ಸ್ಕಾಲರ್‌ಶಿಪ್ ಪ್ರಕರಣ ಏನು?

1870ರ ರಸಾಯನಶಾಸ್ತ್ರ ಪರೀಕ್ಷೆಯಲ್ಲಿ, ಆ ವರ್ಷ ಹೊಸದಾಗಿ ಕೂತವರ ಪೈಕಿ ಎಡಿತ್ ಪೀಚಿ ಮೊದಲು ಬಂದರು. ಮೊದಲು ಬಂದ ನಾಲ್ವರಿಗೆ ಹೋಪ್ ವಿದ್ಯಾರ್ಥಿವೇತನ, ಜತೆಗೆ ಪ್ರಯೋಗಾಲಯಕ್ಕೆ ಉಚಿತ ಪ್ರವೇಶ. ಪ್ರೊ. ಕ್ರಮ್ ಬ್ರೌನ್ ಪೀಚಿಯವರನ್ನು ಬಿಟ್ಟು ಮುಂದಿನ ಹುಡುಗರಿಗೆ ಕೊಟ್ಟರು. ಪ್ರತ್ಯೇಕವಾಗಿ ಪಾಠ ಕೇಳಿದ ಹೆಂಗಸರು ಆ ತರಗತಿಯ ಸದಸ್ಯರಲ್ಲ ಎಂಬುದು ಅವರ ವಾದ. ಪ್ರತ್ಯೇಕವಾಗಿ ಕೂರಿಸಿದ್ದು ವಿಶ್ವವಿದ್ಯಾಲಯವೇ ಎಂಬುದನ್ನು ಗಮನಿಸಿ.

ಇದರಲ್ಲೊಂದು ವಿಚಿತ್ರವಿದೆ. ವಿದ್ಯಾರ್ಥಿವೇತನದ ಮೂಲನಿಧಿ ಹುಟ್ಟಿದ್ದು ಪ್ರೊ. ಥಾಮಸ್ ಹೋಪ್ 1820ರ ದಶಕದಲ್ಲಿ ಹೆಂಗಸರಿಗಾಗಿಯೇ ಮಾಡಿದ ಜನಪ್ರಿಯ ಉಪನ್ಯಾಸಗಳ ಟಿಕೆಟ್ ದುಡ್ಡಿನಿಂದ!

ಸುದ್ದಿ ಪತ್ರಿಕೆಗಳಲ್ಲಿ ಹರಡಿತು. ಸಾಮಾನ್ಯ ಓದುಗರಿಗೆ ಈ ಹೋರಾಟದ ಪರಿಚಯ ಆದದ್ದು ಹೀಗೆ. ಅದರ ಬೆನ್ನಿಗೇ ಕಾಲೇಜಿನೊಳಗೆ ಅಸಮಾಧಾನವೂ ಬಿರುಸಾಯಿತು. ಹುಡುಗಿಯರು ಓದಲಾರರು ಎಂದು ನಗುತ್ತಿದ್ದವರಿಗೆ, ಅವರು ಬಹುಮಾನ ಕಿತ್ತುಕೊಂಡು ಹೋಗುತ್ತಾರೆ ಎಂಬ ಹೆದರಿಕೆ ಹುಟ್ಟಿತು.

ಸರ್ಜನ್ಸ್ ಹಾಲ್ ಗಲಭೆ ಎಂದರೇನು? ಕುರಿಯ ಕತೆ ನಿಜವೇ?

ನಿಜ. 1870ರ ನವೆಂಬರ್ 18ರ ಮಧ್ಯಾಹ್ನ, ನಿಕಲ್ಸನ್ ಬೀದಿಯ ಸರ್ಜನ್ಸ್ ಹಾಲ್‌ನಲ್ಲಿ ಅಂಗರಚನಾಶಾಸ್ತ್ರದ ಪರೀಕ್ಷೆ. ಈ ವಿದ್ಯಾರ್ಥಿನಿಯರು ಬರುವ ಹೊತ್ತಿಗೆ ಬೀದಿ ತುಂಬ ಜನ, ಗಾಡಿ ಓಡಾಡಲೂ ಜಾಗವಿಲ್ಲ. ಗೇಟಿನ ಬಳಿ ಸಿಗರೇಟು ಸೇದುತ್ತ, ಬಾಟಲಿ ಕೈಬದಲಾಯಿಸುತ್ತ ನಿಂತಿದ್ದ ಹುಡುಗರು ಇವರ ಮುಖದೆದುರೇ ಗೇಟು ಹಾಕಿಕೊಂಡರು, ಕೆಸರು ಎರಚಿದರು. ಒಳಗಿದ್ದ ಸಹಾನುಭೂತಿಯುಳ್ಳ ವಿದ್ಯಾರ್ಥಿಯೊಬ್ಬ ಓಡಿಬಂದು ಗೇಟು ತೆಗೆದ ಮೇಲೆ ಒಳಹೊಕ್ಕರು. ಸೀರೆಯ ನೆರಿಗೆಗಿಂತ ಅಗಲದ ಆ ಕಾಲದ ಉದ್ದ ಗೌನುಗಳು, ಅದರ ಮೇಲೆಲ್ಲ ಕೆಸರು, ಹಾಗೆಯೇ ಕೂತು ಪರೀಕ್ಷೆ ಬರೆಯಬೇಕು.

ಅಷ್ಟರಲ್ಲಿ ಬಾಗಿಲು ನೂಕಿ ಕುರಿಯೊಂದನ್ನು ಒಳಗೆ ಬಿಟ್ಟರು. ಅದು ಕಾಲೇಜಿನ ಆವರಣದಲ್ಲೇ ಸಾಕಿದ್ದ ಕುರಿ, ಮೇಯ್ಲಿ ಎಂದು ಹೆಸರು. ಉಪನ್ಯಾಸಕ ಡಾ. ಹ್ಯಾಂಡಿಸೈಡ್, ಇರಲಿ ಬಿಡಿ, ಅದನ್ನು ಕಳಿಸಿದವರಿಗಿಂತ ಅದಕ್ಕೇ ಬುದ್ಧಿ ಜಾಸ್ತಿ ಎಂದರು. ಪರೀಕ್ಷೆ ಮುಗಿಯುವವರೆಗೂ ಕುರಿ ಅಲ್ಲೇ ಇತ್ತು. ಹಿಂದಿನ ಬಾಗಿಲಿನಿಂದ ಹೋಗಿ ಎಂದು ಹೇಳಿದರೂ ಇವರು ಮುಂಬಾಗಿಲಿನಿಂದಲೇ ಹೊರಟರು, ಪರವಾಗಿದ್ದ ಹುಡುಗರು ಸುತ್ತ ಕಾವಲಾಗಿ ನಡೆದರು.

ಮಾನನಷ್ಟ ಮೊಕದ್ದಮೆಯಲ್ಲಿ ಸೋತರೇ, ಗೆದ್ದರೇ?

ಕಾಗದದಲ್ಲಿ ಸೊಫಿಯಾ ಸೋತರು. 1871ರ ಜನವರಿಯಲ್ಲಿ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯ ದಾನಿಗಳ ಸಭೆಯಲ್ಲಿ ಮಾತಾಡುತ್ತ, ಗಲಭೆಯ ಮುಂದಾಳುಗಳಲ್ಲಿ ಕ್ರಿಸ್ಟಿಸನ್ ಅವರ ತರಗತಿಯ ಸಹಾಯಕನೂ ಇದ್ದ, ಕುಡಿದಿದ್ದ ಎನ್ನುವ ಅರ್ಥದಲ್ಲಿ ಹೇಳಿಬಿಟ್ಟರು. ಆತ 1,000 ಪೌಂಡ್ ಪರಿಹಾರ ಕೇಳಿ ದಾವೆ ಹೂಡಿದ. ಜ್ಯೂರಿ ತೀರ್ಪು ಅವನ ಪರ ಬಂತು, ಪರಿಹಾರ ಒಂದು ಫಾರ್ದಿಂಗ್. ಪೆನ್ನಿಯ ನಾಲ್ಕನೇ ಒಂದು ಭಾಗ, ಮೂರು ಕಾಸು ಅನ್ನುತ್ತೇವಲ್ಲ ಹಾಗೆ. ನಿನ್ನ ಮಾನದ ಬೆಲೆ ಇಷ್ಟೇ ಎಂದು ಜ್ಯೂರಿ ಹೇಳಿದ ಹಾಗಾಯಿತು.

ಆದರೆ ಕೋರ್ಟು ಖರ್ಚು ಸೊಫಿಯಾ ತಲೆಗೆ ಬಂತು, 915 ಪೌಂಡಿಗೂ ಮೇಲೆ. ಸಾರ್ವಜನಿಕರು ಚಂದಾ ಎತ್ತಿ ತೀರಿಸಿದರು. ಹೋರಾಟಕ್ಕೆ ಇಳಿಯುವವರು ಇಲ್ಲಿ ಗಮನಿಸಬೇಕಾದದ್ದೊಂದಿದೆ: ಹೇಳಿದ್ದು ನಿಜವೇ ಇರಬಹುದು, ಸಭೆಯಲ್ಲಿ ಒಬ್ಬನನ್ನು ಬೊಟ್ಟು ಮಾಡಿ ಹೇಳಿದರೆ ಅದನ್ನು ಸಾಕ್ಷಿ ಸಮೇತ ಸಾಬೀತು ಮಾಡುವ ಹೊರೆಯೂ ಹಿಂದೆಯೇ ಬರುತ್ತದೆ.

ವಿಶ್ವವಿದ್ಯಾಲಯದ ಮೇಲೆ ಹೂಡಿದ ದಾವೆ ಏನಾಯಿತು?

ಪ್ರವೇಶ ಕೊಟ್ಟ ಮೇಲೆ ಪದವಿಯವರೆಗೆ ಓದಿಸುವ ಹೊಣೆಯೂ ನಿಮ್ಮದೇ, ಇದು ವಿದ್ಯಾರ್ಥಿನಿಯರ ವಾದ. 1872ರಲ್ಲಿ ಲಾರ್ಡ್ ಗಿಫರ್ಡ್ ಇವರ ಪರ ತೀರ್ಪು ಕೊಟ್ಟರು. ವಿಶ್ವವಿದ್ಯಾಲಯ ಮೇಲ್ಮನವಿಗೆ ಹೋಯಿತು. 1873ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಉಚ್ಚ ನ್ಯಾಯಾಲಯ ಬಹುಮತದಿಂದ ಅದನ್ನು ತಿರುವಿಹಾಕಿತು. ಹೆಂಗಸರನ್ನು ಸೇರಿಸಿಕೊಳ್ಳುವ ಅಧಿಕಾರವೇ ವಿಶ್ವವಿದ್ಯಾಲಯಕ್ಕೆ ಇರಲಿಲ್ಲ, ಆದ್ದರಿಂದ 1869ರ ನಿಯಮವೇ ಅಸಿಂಧು, ಹಾಗಿರುವಾಗ ಹೊಣೆ ಎಲ್ಲಿಂದ ಬಂತು ಎಂದಿತು. ತಪ್ಪು ಮಾಡಿದ್ದು ವಿಶ್ವವಿದ್ಯಾಲಯ, 848 ಪೌಂಡ್ ಖರ್ಚು ಕಟ್ಟಬೇಕಾದದ್ದು ವಿದ್ಯಾರ್ಥಿನಿಯರು.

ನಾಲ್ಕು ವರ್ಷದ ಓದು ನೀರಿನಲ್ಲಿ ಹೋಮವಾಯಿತು.

ಸೊಫಿಯಾ ಪರೀಕ್ಷೆಯಲ್ಲಿ ನಪಾಸಾಗಿದ್ದರಂತೆ?

ಹೌದು, 1872ರಲ್ಲಿ. ಮುಚ್ಚಿಡುವಂಥದೇನಲ್ಲ. ಆ ಎರಡು ವರ್ಷ ಅವರ ಸಮಯ ಹೋದದ್ದು ವಕೀಲರು, ಪತ್ರಿಕೆಗಳು, ಸಮಿತಿಗಳ ಹಿಂದೆ. ಪಕ್ಷಪಾತ ನಡೆದಿದೆ ಎಂದು ಅವರು ನಂಬಿದ್ದರು. ಆದರೆ ಉತ್ತರಪತ್ರಿಕೆ ನೋಡಿದ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ ಅವರ ಅಭಿಪ್ರಾಯ ಸೊಫಿಯಾ ಮಾತಿಗೆ ಬೆಂಬಲವಾಗಿ ಬರಲಿಲ್ಲ. ಓದಿನಲ್ಲಿ ಗುಂಪಿನ ಮುಂಚೂಣಿ ಪೀಚಿ, ಜಗಳದಲ್ಲಿ ಸೊಫಿಯಾ.

ಎಡಿನ್‌ಬರೋ ಬಾಗಿಲು ಮುಚ್ಚಿದ ಮೇಲೆ ಏನು ಮಾಡಿದರು?

ಲಂಡನ್ನಿಗೆ ಬಂದು ತಮ್ಮದೇ ಶಾಲೆ ಕಟ್ಟಲು ನಿಂತರು. ಬ್ರನ್ಸ್‌ವಿಕ್ ಸ್ಕ್ವೇರ್ ಹತ್ತಿರ ಹೆನ್ರಿಯೆಟಾ ಬೀದಿಯಲ್ಲಿ ಒಂದು ಹಳೆಯ ಮನೆ ಹಿಡಿದು, 1874ರ ಅಕ್ಟೋಬರಿನಲ್ಲಿ 14 ವಿದ್ಯಾರ್ಥಿನಿಯರೊಂದಿಗೆ ಲಂಡನ್ ಮಹಿಳಾ ವೈದ್ಯಕೀಯ ಶಾಲೆ ಶುರುವಾಯಿತು. ಆ 14ರಲ್ಲಿ 12 ಮಂದಿ ಎಡಿನ್‌ಬರೋದಲ್ಲಿ ಓದು ಅರ್ಧಕ್ಕೆ ನಿಂತವರು. ಪಾಠಕ್ಕೆ ಲಂಡನ್ನಿನ ಆಸ್ಪತ್ರೆಗಳ ಉಪನ್ಯಾಸಕರು ಬಂದರು. ಅವರು ಮೊದಲೇ ಮಾನ್ಯತೆ ಇದ್ದವರಾದ್ದರಿಂದ ಪಾಠದ ಪ್ರಮಾಣಪತ್ರಕ್ಕೆ ಆಕ್ಷೇಪ ಎತ್ತುವಂತಿರಲಿಲ್ಲ. ಗ್ಯಾರೆಟ್ ದಾಟಿದ ಮೇಲೆ ಸೊಸೈಟಿ ಅಡ್ಡ ಇಟ್ಟ ಕಲ್ಲಿನಲ್ಲಿ ಎಡವಬಾರದೆಂದು ಮಾಡಿಕೊಂಡ ವ್ಯವಸ್ಥೆ ಇದು.

ಎರಡು ಕೊರತೆ ಉಳಿದವು: ವಾರ್ಡಿನ ಅಭ್ಯಾಸಕ್ಕೆ ಆಸ್ಪತ್ರೆ, ಕೊನೆಗೆ ಪರೀಕ್ಷೆ ಮಾಡುವ ಸಂಸ್ಥೆ.

ಎರಡನೆಯದಕ್ಕೆ ಮೊದಲು ಒಂದು ಅಡ್ಡದಾರಿ ಹುಡುಕಿದರು. ಶಸ್ತ್ರವೈದ್ಯರ ರಾಯಲ್ ಕಾಲೇಜು ಪ್ರಸೂತಿ ವಿದ್ಯೆಯಲ್ಲಿ ಪ್ರತ್ಯೇಕ ಲೈಸೆನ್ಸ್ ಕೊಡುತ್ತಿತ್ತು, ಅದಿದ್ದರೆ ನೋಂದಣಿ ಆಗಬಹುದು. 1876ರ ಆರಂಭದಲ್ಲಿ ಸೊಫಿಯಾ, ಪೀಚಿ, ಥಾರ್ನ್ ಅದಕ್ಕೆ ಅರ್ಜಿ ಹಾಕಿದರು. ನಿರಾಕರಿಸುವಂತಿಲ್ಲ ಎಂದು ಕಾಲೇಜಿನ ವಕೀಲರೇ ಹೇಳಿದರು. ಆಗ ಪರೀಕ್ಷಕರೆಲ್ಲ ಒಟ್ಟಿಗೆ ರಾಜೀನಾಮೆ ಕೊಟ್ಟುಬಿಟ್ಟರು! ಪರೀಕ್ಷಕರಿಲ್ಲ, ಪರೀಕ್ಷೆಯಿಲ್ಲ.

ದಾರಿ ತೆರೆದದ್ದು ಸಂಸತ್ತಿನಿಂದ. ಸಂಸದ ರಸೆಲ್ ಗರ್ನಿ ಮಂಡಿಸಿದ ಮಸೂದೆ 1876ರ ಆಗಸ್ಟಿನಲ್ಲಿ ಕಾಯ್ದೆಯಾಯಿತು. ಅದೂ ಯಾವ ಸಂಸ್ಥೆಯನ್ನೂ ಬಲವಂತ ಮಾಡಲಿಲ್ಲ, 19ರಲ್ಲಿ ಯಾವುದು ಬೇಕಾದರೂ ಹೆಂಗಸರನ್ನು ಪರೀಕ್ಷಿಸಬಹುದು ಎಂದಿತು, ಅಷ್ಟೇ. ಅದೇ 'ಬಹುದು'! 1869ರಲ್ಲಿ ಮುಳುಗಿಸಿದ ಪದ ಈ ಸಲ ದಡ ಮುಟ್ಟಿಸಿತು. ಕಾರಣ ಸರಳ. ಎಡಿನ್‌ಬರೋದಲ್ಲಿ ಪ್ರತಿಯೊಬ್ಬ ಪ್ರಾಧ್ಯಾಪಕನೂ ಒಪ್ಪಬೇಕಿತ್ತು, ಒಬ್ಬ ಒಲ್ಲೆ ಎಂದರೂ ಕೋರ್ಸು ಮುರಿಯುತ್ತಿತ್ತು. ಇಲ್ಲಿ 18 ಒಲ್ಲೆ ಎಂದರೂ ಒಂದು ಒಪ್ಪಿದರೆ ಸಾಕು. ಡಬ್ಲಿನ್ನಿನ ಐರಿಷ್ ವೈದ್ಯರ ಕಾಲೇಜು ಒಪ್ಪಿತು.

ಆಸ್ಪತ್ರೆಯ ವಿಷಯದಲ್ಲಿ ಸಣ್ಣದು ನಡೆಯದು, 150 ಹಾಸಿಗೆಯ ಸಾಮಾನ್ಯ ಆಸ್ಪತ್ರೆಯಾದರೂ ಬೇಕು. ದೊಡ್ಡವಕ್ಕೆಲ್ಲ ಗಂಡುಹುಡುಗರ ಶಾಲೆ ಅಂಟಿಕೊಂಡಿತ್ತು. ಹಾಗಿಲ್ಲದ್ದು ರಾಯಲ್ ಫ್ರೀ ಆಸ್ಪತ್ರೆ. ಸಂಸದ ಜೇಮ್ಸ್ ಸ್ಟ್ಯಾನ್ಸ್‌ಫೆಲ್ಡ್ ನಡುವೆ ನಿಂತು ಮಾತಾಡಿದರು, ದಾನಿಗಳು ಕೈಬಿಟ್ಟರೆ ಆಗುವ ನಷ್ಟಕ್ಕೆ ಶಾಲೆ ಹಣದ ಭರವಸೆ ಕೊಟ್ಟಿತು, 1877ರಲ್ಲಿ ವಾರ್ಡುಗಳು ತೆರೆದವು.

ಬರ್ನ್‌ಗೆ ಯಾಕೆ ಹೋದರು? ವಿದೇಶಿ ಪದವಿಗೆ ಬೆಲೆಯಿಲ್ಲ ಎಂದಿರಲ್ಲ?

ಪದವಿ ಸ್ವಿಟ್ಜರ್ಲೆಂಡಿನದು, ಲೈಸೆನ್ಸ್ ಐರ್ಲೆಂಡಿನದು. ಐರಿಷ್ ಕಾಲೇಜು ಲೈಸೆನ್ಸ್ ಕೊಡುತ್ತಿತ್ತು, ಎಂ.ಡಿ. ಬೇಕಾದರೆ ವಿಶ್ವವಿದ್ಯಾಲಯವೇ ಆಗಬೇಕು, ಬ್ರಿಟನ್ನಿನಲ್ಲಿ ಆಗ ಯಾವುದೂ ಹೆಂಗಸರಿಗೆ ಕೊಡುತ್ತಿರಲಿಲ್ಲ. 1877ರ ಜನವರಿಯಲ್ಲಿ ಸೊಫಿಯಾ ಬರ್ನ್‌ನಲ್ಲಿ ಬಾಣಂತಿ ಜ್ವರದ ಮೇಲೆ ಪ್ರಬಂಧ ಬರೆದು ಎಂ.ಡಿ. ಪಡೆದರು. ಅದೇ ಮೇ ತಿಂಗಳಲ್ಲಿ ಡಬ್ಲಿನ್ನಿನಲ್ಲಿ ಪರೀಕ್ಷೆ ಮುಗಿಸಿದರು. ನೋಂದಣಿಗೆ ಕೆಲಸಕ್ಕೆ ಬಂದದ್ದು ಡಬ್ಲಿನ್ನಿನ ಕಾಗದ.

ವೈದ್ಯೆಯಾಗಿ ಎಲ್ಲಿ ಕೆಲಸ ಮಾಡಿದರು?

ತಮ್ಮನ್ನು ಹೊರಗೆ ಹಾಕಿದ ಊರಿನಲ್ಲೇ. 1878ರ ಜೂನ್‌ನಲ್ಲಿ ಎಡಿನ್‌ಬರೋದ 4, ಮ್ಯಾನರ್ ಪ್ಲೇಸ್‌ನಲ್ಲಿ ಚಿಕಿತ್ಸಾಲಯ ತೆರೆದರು. ಕೆಲವೇ ತಿಂಗಳಲ್ಲಿ ಬಡವರ ವಸತಿಯಾದ ಫೌಂಟನ್‌ಬ್ರಿಡ್ಜ್‌ನಲ್ಲಿ ಕೆಲವೇ ಪೆನ್ನಿ ಫೀಸಿನ ದವಾಖಾನೆ ಶುರುವಾಯಿತು. 1885ರಲ್ಲಿ ಅದು ಐದು ಹಾಸಿಗೆಯ ಆಸ್ಪತ್ರೆಯಾಯಿತು. ಅವರು ನಿವೃತ್ತರಾದ 1899ರಲ್ಲಿ ಆಸ್ಪತ್ರೆ ಅವರದೇ ಮನೆಯಾದ ಬ್ರಂಟ್ಸ್‌ಫೀಲ್ಡ್ ಲಾಡ್ಜ್‌ಗೆ ಹೋಯಿತು, ಬ್ರಂಟ್ಸ್‌ಫೀಲ್ಡ್ ಆಸ್ಪತ್ರೆ ಎಂಬ ಹೆಸರಿನಲ್ಲಿ 1989ರವರೆಗೂ ನಡೆಯಿತು.

ಶಿಕ್ಷಕಿಯಾಗಿ, ಆಡಳಿತಗಾರ್ತಿಯಾಗಿ ಹೇಗಿದ್ದರು?

ಇಲ್ಲಿ ಹೊಗಳಿಕೆ ಸ್ವಲ್ಪ ಕಡಿಮೆ ಮಾಡಬೇಕು. ಲಂಡನ್ ಶಾಲೆಯ ಗೌರವ ಕಾರ್ಯದರ್ಶಿ ಸ್ಥಾನ ತಮಗೇ ಬರುತ್ತದೆ ಎಂದುಕೊಂಡಿದ್ದರು. ಆಯ್ಕೆಯಾದದ್ದು ಶಾಂತ ಸ್ವಭಾವದ ಇಸಬೆಲ್ ಥಾರ್ನ್. ಕಟ್ಟಿದವರೇ ನಡೆಸಬೇಕೆಂದಿಲ್ಲ, ಆ ಆಯ್ಕೆಯಿಂದ ಶಾಲೆಗೆ ಒಳ್ಳೆಯದೇ ಆಯಿತು.

1886ರಲ್ಲಿ ಎಡಿನ್‌ಬರೋದಲ್ಲಿ ಇನ್ನೊಂದು ಮಹಿಳಾ ವೈದ್ಯಕೀಯ ಶಾಲೆ ತೆರೆದರು, ವಾರ್ಡಿನ ಅಭ್ಯಾಸ ಲೀತ್ ಆಸ್ಪತ್ರೆಯಲ್ಲಿ. ಸಂಜೆ ನಿಗದಿತ ಹೊತ್ತಿಗೆ ವಾರ್ಡು ಬಿಡಬೇಕು ಎಂಬ ನಿಯಮ ಇತ್ತು. 1888ರಲ್ಲಿ ಕೆಲವು ವಿದ್ಯಾರ್ಥಿನಿಯರು ತಲೆಗೆ ಪೆಟ್ಟು ಬಿದ್ದ ರೋಗಿಯನ್ನು ನೋಡಲು ಹೊತ್ತು ಮೀರಿ ಉಳಿದರು. ಮಾತು ಬೆಳೆದು ಅವರಲ್ಲಿದ್ದ ಕ್ಯಾಡೆಲ್ ಸೋದರಿಯರನ್ನು ಶಾಲೆಯಿಂದ ತೆಗೆದರು. ಅವರು ಕೋರ್ಟಿಗೆ ಹೋಗಿ ಗೆದ್ದರು. ಅವರ ಪರ ನಿಂತ ಸಹಪಾಠಿ ಎಲ್ಸಿ ಇಂಗ್ಲಿಸ್ ಪೈಪೋಟಿಗೆ ಇನ್ನೊಂದು ಶಾಲೆ ಹಾಕಿದರು. ಸೊಫಿಯಾ ಶಾಲೆ 1898ರಲ್ಲಿ ಮುಚ್ಚಿತು.

ಅವರ ಕಟ್ಟುನಿಟ್ಟಿಗೂ ಒಂದು ಕಾರಣ ಇತ್ತೆನ್ನಬೇಕು. ಹೆಣ್ಣುಮಕ್ಕಳ ಒಂದು ಸಣ್ಣ ತಪ್ಪು ಸಿಕ್ಕರೂ ಆಸ್ಪತ್ರೆ ಬಾಗಿಲು ಮುಚ್ಚಲು ಕಾಯುತ್ತಿದ್ದವರನ್ನು ಅವರು ಜೀವನಪೂರ್ತಿ ನೋಡಿದ್ದರು. ವಿದ್ಯಾರ್ಥಿನಿಯರಿಗೆ ಕಂಡದ್ದು ಗಡಿಯಾರ ಹಿಡಿದು ನಿಂತ ಮುಖ್ಯಸ್ಥೆ ಮಾತ್ರ.

ಭಾರತಕ್ಕೂ ಇದಕ್ಕೂ ಸಂಬಂಧ ಇದೆಯೇ?

ಇದೆ. ಹೋಪ್ ಸ್ಕಾಲರ್‌ಶಿಪ್ ಕೈತಪ್ಪಿದ ಎಡಿತ್ ಪೀಚಿ 1883ರ ಕೊನೆಗೆ ಬೊಂಬಾಯಿಗೆ ಬಂದರು, 1886ರಲ್ಲಿ ತೆರೆದ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾದರು. ಆಗ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಬೊಂಬಾಯಿ ಪ್ರಾಂತ್ಯಕ್ಕೇ ಸೇರಿದ್ದವು. ಬಾಲ್ಯವಿವಾಹದ ಗಂಡನ ಮನೆಗೆ ಹೋಗಲಾರೆ ಎಂದು ಕೋರ್ಟಿನಲ್ಲಿ ನಿಂತ ರಖ್ಮಾಬಾಯಿಗೆ ಲಂಡನ್ನಿಗೆ ಹೋಗಿ ಓದಲು ಬೆಂಬಲವಾದವರಲ್ಲಿ ಪೀಚಿ ಒಬ್ಬರು. ರಖ್ಮಾಬಾಯಿ ಓದಿದ್ದು ಸೊಫಿಯಾ ಕಟ್ಟಿದ ಆ ಲಂಡನ್ ಶಾಲೆಯಲ್ಲೇ; ವಾಪಸು ಬಂದು ಸೂರತ್, ರಾಜ್‌ಕೋಟ್‌ಗಳಲ್ಲಿ ದಶಕಗಟ್ಟಲೆ ಕೆಲಸ ಮಾಡಿದರು.

ಮದ್ರಾಸ್ ವೈದ್ಯಕೀಯ ಕಾಲೇಜು 1875ರಲ್ಲೇ ನಾಲ್ವರು ಮಹಿಳೆಯರನ್ನು ಸೇರಿಸಿಕೊಂಡಿತ್ತು. ಲಂಡನ್ನಿನಲ್ಲಿ ಪರೀಕ್ಷಕರು ರಾಜೀನಾಮೆ ಕೊಡುವುದಕ್ಕೆ ಒಂದು ವರ್ಷ ಮೊದಲು! ಆ ನಾಲ್ವರಲ್ಲಿ ಒಬ್ಬರಾದ ಮೇರಿ ಷಾರ್ಲೀಬ್ ಮುಂದೆ ಓದಲು ಹೋದದ್ದೂ ಅದೇ ಲಂಡನ್ ಶಾಲೆಗೆ.

'ಐಸೊಟೋಪ್' ಪದಕ್ಕೂ ಇವರಿಗೂ ನಂಟು ಇದೆಯಂತೆ?

ಇವರಿಗಲ್ಲ, ಇವರ ಒಡನಾಡಿಗೆ. ಮಾರ್ಗರೆಟ್ ಟಾಡ್ ಎಡಿನ್‌ಬರೋ ಶಾಲೆಯ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು, ವೈದ್ಯೆ, ಲೇಖಕಿ. ನಿವೃತ್ತಿಯ ನಂತರ ಸೊಫಿಯಾ ಇದ್ದದ್ದು ಅವರ ಜತೆ. ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳಿಗೆ ರಸಾಯನ ವಿಜ್ಞಾನಿ ಫ್ರೆಡರಿಕ್ ಸಾಡಿ 1913ರಲ್ಲಿ ಬಳಕೆಗೆ ತಂದ 'ಐಸೊಟೋಪ್' ಪದವನ್ನು ಸೂಚಿಸಿದವರು ಟಾಡ್. ಗ್ರೀಕಿನಲ್ಲಿ 'ಅದೇ ಜಾಗ' ಎಂದರ್ಥ. 1918ರಲ್ಲಿ ಸೊಫಿಯಾ ಜೀವನಚರಿತ್ರೆಯನ್ನೂ ಅವರೇ ಬರೆದರು.

ಪ್ರಬಂಧ, ಭಾಷಣ ಬರೆಯುವವರು ಸಾಮಾನ್ಯವಾಗಿ ಎಲ್ಲಿ ತಪ್ಪುತ್ತಾರೆ?

'ಎಡಿನ್‌ಬರೋದಲ್ಲಿ ಪದವಿ ಪಡೆದ ಮೊದಲ ಮಹಿಳೆ' ಎಂದು ಬರೆಯುವುದು ದೊಡ್ಡ ತಪ್ಪು. ಏಳು ಮಂದಿಯಲ್ಲಿ ಒಬ್ಬರಿಗೂ ಅಲ್ಲಿ ಪದವಿ ಸಿಗಲಿಲ್ಲ. 1876ರ ಕಾಯ್ದೆ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು ಎನ್ನುವುದೂ ಸರಿಯಲ್ಲ, ಅದು ಸಂಸ್ಥೆಗಳಿಗೆ ಅವಕಾಶ ಕೊಟ್ಟಿತು. ಗಲಭೆಯ ಇಸವಿಯನ್ನು 1869 ಎಂದು ಬರೆಯುತ್ತಾರೆ, ಅದು 1870. ಏಳು ಮಂದಿಯೂ ಡಾಕ್ಟರಾದರು ಎನ್ನುತ್ತಾರೆ, ಥಾರ್ನ್ ಮತ್ತು ಇವಾನ್ಸ್ ಆಗಲಿಲ್ಲ. ಲಂಡನ್ ಶಾಲೆಯನ್ನು ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ (ಮೇಲೆ ಹೇಳಿದ ಗ್ಯಾರೆಟ್ ಅವರೇ, ಇದು ಮದುವೆಯ ನಂತರದ ಹೆಸರು) ಸ್ಥಾಪಿಸಿದರು ಎಂಬುದು ಇನ್ನೊಂದು. ಅವರು 1883ರಿಂದ ಅದರ ಡೀನ್ ಆಗಿದ್ದವರು. ಮನೆ ಹುಡುಕಿ, ಉಪನ್ಯಾಸಕರನ್ನು ಒಪ್ಪಿಸಿ ನಿಲ್ಲಿಸಿದ್ದು ಸೊಫಿಯಾ.

ಎಡಿನ್‌ಬರೋ ವಿಶ್ವವಿದ್ಯಾಲಯ ಆಮೇಲೆ ಪದವಿ ಕೊಟ್ಟಿತೇ?

ಹೆಂಗಸರಿಗೆ ವೈದ್ಯಕೀಯ ಪದವಿ ಕೊಡಲು ಒಪ್ಪಿದ್ದು 1894ರಲ್ಲಿ. ಈ ಏಳು ಮಂದಿಗೆ ಕೊಟ್ಟದ್ದು 2019ರ ಜುಲೈ 6ರಂದು, ಅವರು ಸೇರಿ 150 ವರ್ಷವಾದ ಮೇಲೆ, ಮರಣೋತ್ತರ ಗೌರವ ಪದವಿಯಾಗಿ. ವೇದಿಕೆ ಹತ್ತಿ ಅವರ ಪರವಾಗಿ ಸ್ವೀಕರಿಸಿದವರು ಅಲ್ಲಿ ಆಗ ಓದುತ್ತಿದ್ದ ವೈದ್ಯಕೀಯ ವಿದ್ಯಾರ್ಥಿನಿಯರು. ಕೆಸರು ಎರಚಿದ ಸರ್ಜನ್ಸ್ ಹಾಲ್‌ನಲ್ಲಿ 2015ರಿಂದ ಒಂದು ಫಲಕ ಇದೆ. ಕುರಿಯ ಹೆಸರಲ್ಲಿ ಏನೂ ಇಲ್ಲ.